ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್: ಡಿಎನ್‌ಎ ಮೇಲೆ ಕೂತ ಮಾತ್ರಕ್ಕೆ ಜೀನ್ ಎದ್ದೇಳುವುದಿಲ್ಲ

ರಾಫಿನೋಸ್ ಎಂಬ ಸಕ್ಕರೆಯಲ್ಲಿ ಬೆಳೆಯುತ್ತಿರುವ ಒಂದು ಯೀಸ್ಟ್ ಕೋಶವನ್ನು ಊಹಿಸಿಕೊಳ್ಳಿ. ಅದರ ಸುತ್ತ ಗ್ಲೂಕೋಸೂ ಇಲ್ಲ, ಗ್ಯಾಲಕ್ಟೋಸೂ ಇಲ್ಲ. ಗ್ಯಾಲಕ್ಟೋಸನ್ನು ಅರಗಿಸುವ ಕಿಣ್ವಗಳ ಜೀನ್‌ಗಳು ಆಗ ಸುಮ್ಮನಿರುತ್ತವೆ. ಆದರೆ ಆ ಜೀನ್‌ಗಳನ್ನು ಎಬ್ಬಿಸಬೇಕಾದ ಗ್ಯಾಲ್4 ಎಂಬ ಪ್ರೋಟೀನ್ ಆಗಲೇ ಬಂದು, ಅವುಗಳ ಪಕ್ಕದ ಡಿಎನ್‌ಎ ಮೇಲೆ ಜಾಗ ಹಿಡಿದು ಕೂತಿರುತ್ತದೆ. ಈಗ ಗ್ಯಾಲಕ್ಟೋಸ್ ಹಾಕಿ. ಕೆಲವೇ ನಿಮಿಷಗಳಲ್ಲಿ ಜೀನ್‌ಗಳ ಕೆಲಸ ಶುರುವಾಗುತ್ತದೆ. ಅವುಗಳಿಂದ ಹುಟ್ಟುವ ಆರ್‌ಎನ್‌ಎ ಕೊನೆಗೆ ಸಾವಿರ ಪಟ್ಟಿನ ಆಸುಪಾಸಿಗೆ ಏರುತ್ತದೆ. ಕೂತ ಪ್ರೋಟೀನ್ ಅದೇ, ಕೂತ ಜಾಗವೂ ಅದೇ. ಹಾಗಾದರೆ ಬದಲಾದದ್ದೇನು?

ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪದದ ಅರ್ಥ ಇರುವುದು ಈ ಪ್ರಶ್ನೆಯ ಉತ್ತರದಲ್ಲಿ.

ಮೊದಲು ಪದವನ್ನೇ ಬಿಡಿಸೋಣ. ಡಿಎನ್‌ಎಯಲ್ಲಿರುವ ಜೀನಿನ ಬರಹವನ್ನು ಆರ್‌ಎನ್‌ಎ ರೂಪದಲ್ಲಿ ನಕಲು ಮಾಡುವುದೇ ಟ್ರಾನ್ಸ್‌ಕ್ರಿಪ್ಷನ್. ಕನ್ನಡದಲ್ಲಿ ಪ್ರತಿಲೇಖನ ಎನ್ನುತ್ತೇವೆ. ಫ್ಯಾಕ್ಟರ್ ಎಂಬುದನ್ನು ಹಲವರು ‘ಅಂಶ’ ಎಂದು ಬರೆಯುತ್ತಾರೆ. ನನಗೆ ಅದು ಸಪ್ಪೆ ಎನಿಸುತ್ತದೆ. ಅಂಶ ಎಂದರೆ ಒಂದು ಪಾಲು, ಒಂದು ಭಾಗ. ಅದು ಏನನ್ನೂ ಮಾಡಬೇಕೆಂದಿಲ್ಲ. ‘ಕಾರಕ’ ಎಂಬ ಪದ ಇಲ್ಲಿ ಚೆನ್ನಾಗಿ ಹೊಂದುತ್ತದೆ. ವ್ಯಾಕರಣದಲ್ಲಿ ಕಾರಕ ಎಂದರೆ ಕ್ರಿಯೆಯೊಂದಿಗೆ ಸಂಬಂಧ ಹೊಂದಿರುವುದು, ಕ್ರಿಯೆ ನಡೆಯಲು ನೆರವಾಗುವುದು. ಪ್ರತಿಲೇಖನ ಕಾರಕವೂ ಹಾಗೆಯೇ. ಅದು ತಾನಾಗಿ ಒಂದಕ್ಷರವನ್ನೂ ನಕಲು ಮಾಡುವುದಿಲ್ಲ. ನಕಲು ಮಾಡುವವರೊಂದಿಗೆ ಸಂಬಂಧ ಬೆಳೆಸುತ್ತದೆ.

ನಕಲು ಮಾಡುವ ಕಿಣ್ವದ ಹೆಸರು ಆರ್‌ಎನ್‌ಎ ಪಾಲಿಮರೇಸ್. ಕೋಶಕೇಂದ್ರವಿರುವ ಜೀವಿಗಳಲ್ಲಿ ಇದು ಮೂರು ಬಗೆ ಎಂದು 1969ರಲ್ಲಿ ರಾಬರ್ಟ್ ರೋಡರ್ ಮತ್ತು ವಿಲಿಯಂ ರಟ್ಟರ್ ತೋರಿಸಿದರು. ಪ್ರೋಟೀನ್‌ಗಳ ಜೀನ್‌ಗಳನ್ನು ಓದುವುದು ಎರಡನೆಯದು, ಪಾಲಿಮರೇಸ್ 2. ಹನ್ನೆರಡು ಪ್ರೋಟೀನ್‌ಗಳು ಸೇರಿ ಆದ ಈ ದೊಡ್ಡ ಕಿಣ್ವ ನಕಲಿಸುವುದರಲ್ಲಿ ನಿಪುಣ. ಆದರೆ ಎಲ್ಲಿಂದ ಶುರುಮಾಡಬೇಕೆಂಬುದು ಮಾತ್ರ ಅದಕ್ಕೆ ತಿಳಿಯದು. ಶುದ್ಧೀಕರಿಸಿದ ಕಿಣ್ವವನ್ನು ಬರಿಯ ಡಿಎನ್‌ಎ ಜೊತೆ ಬಿಟ್ಟರೆ ಸರಿಯಾದ ಆರಂಭಬಿಂದುವನ್ನು ಅದು ಗುರುತಿಸುವುದಿಲ್ಲ.

ದಾರಿ ತೋರಿಸಲು ಬೇರೆ ಪ್ರೋಟೀನ್‌ಗಳು ಬೇಕು. ಅವೇ ಸಾಮಾನ್ಯ ಕಾರಕಗಳು. ಟಿಎಫ್ 2ಎ, 2ಬಿ, 2ಡಿ, 2ಇ, 2ಎಫ್, 2ಎಚ್ ಎಂಬ ಹೆಸರುಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆ ಅಕ್ಷರಗಳು ಎಲ್ಲಿಂದ ಬಂದವೆಂದು ಹೇಳಿಕೊಡುವವರು ಕಡಿಮೆ. ಟಿಎಫ್ ಎಂದರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, 2 ಎಂಬುದು ಪಾಲಿಮರೇಸ್ 2ರ ಗುರುತು. ಅಕ್ಷರಗಳ ಮೂಲ ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿದೆ. ರೋಡರ್ ಅವರ ತಂಡ ಕೋಶಗಳ ರಸವನ್ನು ಒಂದು ಸೋಸುಸ್ತಂಭದ ಮೂಲಕ ಹಾಯಿಸಿ, ಉಪ್ಪಿನ ಪ್ರಮಾಣ ಏರಿಸುತ್ತ ಹೋದಂತೆ ಇಳಿದುಬಂದ ಪಾಲುಗಳಿಗೆ ಎ, ಬಿ, ಸಿ, ಡಿ ಎಂದು ಗುರುತು ಹಾಕಿತು. ಒಳಗೆ ಯಾವ ಪ್ರೋಟೀನ್ ಇದೆಯೆಂದು ಆಗ ತಿಳಿದಿರಲಿಲ್ಲ. ಈ ಪಾಲು ಬೆರೆಸಿದರೆ ಪ್ರತಿಲೇಖನ ನಡೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ, ಅಷ್ಟೇ ಗೊತ್ತಿದ್ದುದು. ‘ಫ್ಯಾಕ್ಟರ್’ ಎಂಬ ಮಾತು ಹಿಡಿದಿಟ್ಟಿರುವುದು ಆ ಹಂತದ ತಿಳಿವಳಿಕೆಯನ್ನು. ಪಟ್ಟಿಯಲ್ಲಿ 2ಸಿ ಇಲ್ಲದಿರುವುದಕ್ಕೂ ಕಾರಣವಿದೆ. ಹಾಗೆಂದು ಕರೆದದ್ದು ಮುರಿದ ಡಿಎನ್‌ಎಯನ್ನು ಗುರುತಿಸುವ ಬೇರೊಂದು ಕಿಣ್ವವೆಂದು ಆಮೇಲೆ ತಿಳಿದು, ಆ ಹೆಸರು ಪಟ್ಟಿಯಿಂದ ಬಿದ್ದುಹೋಯಿತು.

ಸಾಮಾನ್ಯ ಕಾರಕಗಳು ಮತ್ತು ಪಾಲಿಮರೇಸ್ ಕೂಡಿದ್ದೇ ಪಠ್ಯಗಳಲ್ಲಿ ‘ಬೇಸಲ್ ಮಷಿನರಿ’ ಎಂದು ಬರುವ ಮೂಲ ಯಂತ್ರ. ಅದು ಜೋಡಣೆಯಾಗುವ ಜಾಗ ಜೀನಿನ ಆರಂಭದಲ್ಲಿರುವ ಪ್ರೊಮೋಟರ್. ಜೋಡಣೆಯ ಮೊದಲ ಹೆಜ್ಜೆಯನ್ನು ಹತ್ತಿರದಿಂದ ನೋಡಬೇಕು. 2ಡಿ ಎಂಬ ದೊಡ್ಡ ಕಟ್ಟಿನೊಳಗೆ ಟಿಬಿಪಿ ಎಂಬ ಚಿಕ್ಕ ಪ್ರೋಟೀನ್ ಇದೆ. ಕುದುರೆಯ ಬೆನ್ನಿಗೆ ಹಾಕುವ ಜೀನಿನ ಆಕಾರ ಅದರದ್ದು (ಎರಡು ಜೀನುಗಳ ಗೊಂದಲ ಬೇಡ, ತಡಿ ಎನ್ನೋಣ). ಆರಂಭಬಿಂದುವಿಗಿಂತ ಸುಮಾರು 25ರಿಂದ 30 ಅಕ್ಷರ ಹಿಂದೆ ಟಾಟಾ ಬಾಕ್ಸ್ ಎಂಬ, ಟಿ ಮತ್ತು ಎ ಅಕ್ಷರಗಳೇ ತುಂಬಿದ ತುಣುಕು ಇದ್ದರೆ, ಟಿಬಿಪಿ ಅದರ ಮೇಲೆ ತಡಿಯಂತೆ ಏರಿ ಕೂರುತ್ತದೆ. ಕೂತದ್ದೇ ಡಿಎನ್‌ಎ ಸುಮಾರು 80 ಡಿಗ್ರಿ ಬಾಗಿಬಿಡುತ್ತದೆ. ಆ ಬಾಗು ಉಳಿದವರಿಗೆ ಗುರುತು. 2ಬಿ ಬಂದು ಪಾಲಿಮರೇಸ್ ಕೂರಲು ನೆಲೆ ಒದಗಿಸುತ್ತದೆ, 2ಎಫ್ ಜೊತೆಗೂಡಿ ಪಾಲಿಮರೇಸ್ ಬರುತ್ತದೆ, ಕೊನೆಗೆ 2ಇ ಮತ್ತು 2ಎಚ್. ಮನುಷ್ಯನ ಹೆಚ್ಚಿನ ಜೀನ್‌ಗಳಲ್ಲಿ ಟಾಟಾ ಬಾಕ್ಸ್ ಇಲ್ಲ. ಅಲ್ಲಿ 2ಡಿಯ ಉಳಿದ ಭಾಗಗಳು ಬೇರೆ ಗುರುತುಗಳನ್ನು ಹಿಡಿಯುತ್ತವೆ.

2ಎಚ್ ಎರಡು ಕೆಲಸ ಮಾಡುತ್ತದೆ. ಡಿಎನ್‌ಎಯ ಎರಡೆಳೆಗಳನ್ನು ಬಿಡಿಸುತ್ತದೆ, ಮತ್ತು ಪಾಲಿಮರೇಸ್‌ನ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಬಾಲ ಎಂದದ್ದು ಸುಮ್ಮನೆ ಅಲ್ಲ. ಏಳು ಅಮೈನೋ ಆಮ್ಲಗಳ ಒಂದು ಸಾಲು ಮನುಷ್ಯನ ಪಾಲಿಮರೇಸ್ 2ರ ತುದಿಯಲ್ಲಿ 52 ಸಲ ಮರುಕಳಿಸಿ ಉದ್ದಕ್ಕೆ ಜೋತುಬಿದ್ದಿರುತ್ತದೆ. ಫಾಸ್ಫೇಟ್ ಬಿದ್ದ ಮೇಲೆ ಪಾಲಿಮರೇಸ್ ಪ್ರೊಮೋಟರ್‌ನ ಹಿಡಿತ ಕಳಚಿಕೊಂಡು ಹೊರಡುತ್ತದೆ.

ಇಷ್ಟೆಲ್ಲ ಇದ್ದರೆ ಪರೀಕ್ಷಾನಳಿಕೆಯ ಬರಿಯ ಡಿಎನ್‌ಎ ಮೇಲೆ ಪ್ರತಿಲೇಖನ ಮೆಲ್ಲಗೆ ನಡೆಯುತ್ತದೆ. ಬೇಸಲ್, ಅಂದರೆ ತಳಮಟ್ಟದ, ಎಂಬ ವಿಶೇಷಣ ಬಂದದ್ದು ಆ ಮೆಲ್ಲಗಿನ ವೇಗದಿಂದ. ಕೋಶದೊಳಗೆ ಅಷ್ಟೂ ನಡೆಯದು. ಅಲ್ಲಿ ಡಿಎನ್‌ಎ ಬರಿಮೈಯಲ್ಲಿ ಬಿದ್ದಿರುವುದಿಲ್ಲ. ಹಿಸ್ಟೋನ್ ಪ್ರೋಟೀನ್‌ಗಳ ಉಂಡೆಗಳಿಗೆ, ಒಂದೊಂದಕ್ಕೆ 147 ಅಕ್ಷರಜೋಡಿಗಳಂತೆ, ಸುತ್ತಿಕೊಂಡಿರುತ್ತದೆ. ಪ್ರೊಮೋಟರ್ ಆ ಸುತ್ತಿನೊಳಗೆ ಸಿಕ್ಕಿದ್ದರೆ ಟಿಬಿಪಿ ಕೂರುವುದಾದರೂ ಎಲ್ಲಿ?

ನಿರ್ದಿಷ್ಟ ಕಾರಕಗಳು ಬೇಕಾಗುವುದು ಇಲ್ಲಿ. ಸಾಮಾನ್ಯವಾಗಿ ‘ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್’ ಎಂದಾಗ ಜನ ಹೇಳುವುದು ಇವುಗಳನ್ನೇ. ಮನುಷ್ಯನಲ್ಲಿ ಸುಮಾರು 1,600 ಇವೆ. ಒಂದೊಂದೂ ಡಿಎನ್‌ಎಯಲ್ಲಿ ತನ್ನದೇ ಆದ ಒಂದು ಸಣ್ಣ ಅಕ್ಷರಸಾಲನ್ನು ಹುಡುಕಿ ಹಿಡಿಯುತ್ತದೆ. ಗ್ಯಾಲ್4 ಹುಡುಕುವುದು 17 ಅಕ್ಷರಗಳ ಸಾಲು: ಒಂದು ತುದಿಯಲ್ಲಿ ಸಿಜಿಜಿ, ಇನ್ನೊಂದು ತುದಿಯಲ್ಲಿ ಸಿಸಿಜಿ, ನಡುವಿನ ಹನ್ನೊಂದು ಏನಿದ್ದರೂ ನಡೆದೀತು. ಎರಡು ಗ್ಯಾಲ್4 ಅಣುಗಳು ಜೋಡಿಯಾಗಿ ಬಂದು, ಒಂದೊಂದು ತುದಿಯನ್ನು ಒಂದೊಂದು ಹಿಡಿಯುತ್ತವೆ.

ಹಿಡಿಯುವುದೇ ಎಬ್ಬಿಸುವುದೋ ಎಂಬುದನ್ನು 1985ರಲ್ಲಿ ರೋಜರ್ ಬ್ರೆಂಟ್ ಮತ್ತು ಮಾರ್ಕ್ ಟಾಶ್ನೆ ಪರೀಕ್ಷಿಸಿದ ರೀತಿ ನನಗೆ ಬಲು ಇಷ್ಟ. ಗ್ಯಾಲ್4ನಲ್ಲಿ ಡಿಎನ್‌ಎ ಹಿಡಿಯುವ ಭಾಗವನ್ನು ಕತ್ತರಿಸಿ ತೆಗೆದರು. ಆ ಜಾಗಕ್ಕೆ ಲೆಕ್ಸ್‌ಎ ಎಂಬ ಬ್ಯಾಕ್ಟೀರಿಯಾದ ಪ್ರೋಟೀನನ್ನು ಹೊಲಿದರು. ಲೆಕ್ಸ್‌ಎ ಹಿಡಿಯುವ ಅಕ್ಷರಸಾಲನ್ನು ಯೀಸ್ಟಿನ ಒಂದು ಜೀನಿನ ಮುಂದೆ ಇಟ್ಟರು. ಜೀನ್ ಎದ್ದಿತು! ಲೆಕ್ಸ್‌ಎ ಒಂದನ್ನೇ ಕೂರಿಸಿದರೆ ಏಳಲಿಲ್ಲ. ಅಂದರೆ ಕಾರಕಕ್ಕೆ ಎರಡು ಬೇರೆ ಬೇರೆ ಅಂಗಗಳಿವೆ: ಒಂದು ಡಿಎನ್‌ಎ ಹಿಡಿದು ನಿಲ್ಲುವ ಕಾಲು, ಇನ್ನೊಂದು ಯಂತ್ರವನ್ನು ಕೈಬೀಸಿ ಕರೆಯುವ ಪ್ರಚೋದಕ ಭಾಗ. ಕಾಲನ್ನು ಬದಲಿಸಿದರೂ ಕೈ ತನ್ನ ಕೆಲಸ ಮಾಡುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಗ್ಯಾಲಕ್ಟೋಸ್ ಇಲ್ಲದಾಗ ಗ್ಯಾಲ್80 ಎಂಬ ಇನ್ನೊಂದು ಪ್ರೋಟೀನ್ ಬಂದು ಗ್ಯಾಲ್4ನ ಆ ಕೈಯನ್ನು ಮುಚ್ಚಿ ಹಿಡಿದಿರುತ್ತದೆ. ಗ್ಯಾಲಕ್ಟೋಸ್ ಬಂದಾಗ ಗ್ಯಾಲ್3 ಎಂಬುದು ಅದನ್ನು ಗುರುತಿಸಿ, ಗ್ಯಾಲ್80ಅನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಕೈ ಬಿಡುಗಡೆಯಾಗುತ್ತದೆ. ಬದಲಾದದ್ದು ಇಷ್ಟೇ.

ಆ ಕೈ ಯಾರನ್ನು ಕರೆಯುತ್ತದೆ? ಒಬ್ಬರನ್ನಲ್ಲ. ಸಾಗಾ ಎಂಬ ಕಟ್ಟನ್ನು ಕರೆಯುತ್ತದೆ; ಅದು ಹಿಸ್ಟೋನ್‌ಗಳಿಗೆ ಅಸಿಟೈಲ್ ಗುಂಪುಗಳನ್ನು ಅಂಟಿಸಿ ಡಿಎನ್‌ಎಯ ಸುತ್ತನ್ನು ಸಡಿಲಿಸಲು ನೆರವಾಗುತ್ತದೆ, ಟಿಬಿಪಿಯನ್ನು ಪ್ರೊಮೋಟರ್‌ಗೆ ತಲುಪಿಸುತ್ತದೆ. ಮೀಡಿಯೇಟರ್ ಎಂಬ ಇನ್ನೂ ದೊಡ್ಡ ಕಟ್ಟನ್ನೂ ಕರೆಯುತ್ತದೆ. ರೋಜರ್ ಕೋರ್ನ್‌ಬರ್ಗ್ ಅವರ ತಂಡ ಮೀಡಿಯೇಟರನ್ನು ಕಂಡುಕೊಂಡದ್ದು ಒಂದು ಕೊರತೆಯ ಬೆನ್ನು ಹತ್ತಿ. ಶುದ್ಧ ಪಾಲಿಮರೇಸ್, ಶುದ್ಧ ಸಾಮಾನ್ಯ ಕಾರಕಗಳು, ಶುದ್ಧ ಪ್ರಚೋದಕ (ಗ್ಯಾಲ್4ನಂತೆ ಜೀನ್ ಎಬ್ಬಿಸುವ ಕಾರಕ), ಎಲ್ಲವನ್ನೂ ನಳಿಕೆಯಲ್ಲಿ ಬೆರೆಸಿದರೂ ಪ್ರಚೋದಕದ ಮಾತು ಯಂತ್ರಕ್ಕೆ ಕೇಳಿಸಲೇ ಇಲ್ಲ. ಯೀಸ್ಟ್ ಕೋಶದ ಕಚ್ಚಾ ರಸವನ್ನು ಒಂದಿಷ್ಟು ಸೇರಿಸಿದಾಗ ಕೇಳಿಸಿತು. ನಡುವೆ ನಿಂತು ಮಾತು ದಾಟಿಸುವವರು ಯಾರೋ ಇದ್ದಾರೆಂದು ತಿಳಿದದ್ದು ಹಾಗೆ. ಸುಮಾರು 25 ಪ್ರೋಟೀನ್‌ಗಳ ಈ ಮಧ್ಯವರ್ತಿ ಒಂದು ಕಡೆ ಪ್ರಚೋದಕವನ್ನೂ ಇನ್ನೊಂದು ಕಡೆ ಪಾಲಿಮರೇಸನ್ನೂ ಮುಟ್ಟುತ್ತದೆ. ಬಾಲಕ್ಕೆ ಫಾಸ್ಫೇಟ್ ಅಂಟಿಸುವ 2ಎಚ್‌ನ ಕೆಲಸವನ್ನೂ ಚುರುಕುಗೊಳಿಸುತ್ತದೆ. ಪ್ರತಿಲೇಖನದ ಅಣುಮಟ್ಟದ ಅಧ್ಯಯನಕ್ಕಾಗಿ ಕೋರ್ನ್‌ಬರ್ಗ್ ಅವರಿಗೆ 2006ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

‘ಕರೆಯುವುದು’ ಎಂಬುದು ಬರೀ ಉಪಮೆಯೇ ಎಂದು ಯಾರಾದರೂ ಕೇಳಬಹುದು. 1995ರಲ್ಲಿ ಇದಕ್ಕೆ ನೇರ ಪುರಾವೆ ಸಿಕ್ಕಿತು. ಪ್ರಚೋದಕ ಭಾಗವನ್ನು ಪೂರ್ತಿ ಕೈಬಿಟ್ಟು, ಡಿಎನ್‌ಎ ಹಿಡಿಯುವ ಭಾಗಕ್ಕೆ ಟಿಬಿಪಿಯನ್ನೇ ನೇರವಾಗಿ ಕಟ್ಟಿದರು. ಯೀಸ್ಟಿನ ಜೀನ್ ಎದ್ದಿತು. ಕರೆಯುವ ಕೈಯೇ ಇಲ್ಲದಿದ್ದರೂ, ಬರಬೇಕಾದವರನ್ನು ಹೊತ್ತು ತಂದು ಅಲ್ಲಿ ಕೂರಿಸಿದ್ದು ಸಾಕಾಯಿತು. ಈ ಕಾರಣಕ್ಕೇ ಜೀನಿನ ‘ಸ್ವಿಚ್’ ಎಂಬ ಬಳಕೆಯ ಹೋಲಿಕೆಯನ್ನು ನಾನು ಆದಷ್ಟು ಬಿಡುತ್ತೇನೆ. ಸ್ವಿಚ್ ಒತ್ತಿದರೆ ಮೊದಲೇ ಎಳೆದಿಟ್ಟ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಇಲ್ಲಿ ತಂತಿಯೇ ಇಲ್ಲ. ಪ್ರತಿ ಸಲವೂ ಬಿಡಿಬಿಡಿ ಅಣುಗಳು ಬಂದು ಕೂಡಬೇಕು. ಕಾರಕಗಳೂ ಸ್ಥಿರವಾಗಿ ಕೂತಿರುವುದಿಲ್ಲ. ಜೀವಂತ ಕೋಶದಲ್ಲಿ ಒಂದೊಂದೇ ಅಣುವನ್ನು ಹಿಂಬಾಲಿಸಿ ನೋಡಿದಾಗ, ಹೆಚ್ಚಿನವು ಕೆಲವು ಸೆಕೆಂಡುಗಳಷ್ಟೇ ನಿಂತು ಹೋಗುತ್ತವೆ, ಮತ್ತೊಂದು ಆ ಜಾಗಕ್ಕೆ ಬರುತ್ತದೆ. ಆರ್‌ಎನ್‌ಎ ಹುಟ್ಟುವುದೂ ಬಿಟ್ಟುಬಿಟ್ಟು, ಅಲೆ ಅಲೆಯಾಗಿ.

ಕರೆ ಬಲು ದೂರದಿಂದಲೂ ಬರಬಹುದು. ಕಾರಕಗಳು ಗುಂಪಾಗಿ ಕೂರುವ ಎನ್‌ಹಾನ್ಸರ್ ಎಂಬ ತುಣುಕುಗಳು ಜೀನಿನ ಪಕ್ಕದಲ್ಲೇ ಇರಬೇಕೆಂದಿಲ್ಲ. ಕೈಕಾಲುಗಳ ಬೆರಳುಗಳು ರೂಪುಗೊಳ್ಳಲು ಬೇಕಾದ ಸಾನಿಕ್ ಹೆಡ್ಜ್‌ಹಾಗ್ ಜೀನಿನ ಒಂದು ಎನ್‌ಹಾನ್ಸರ್ ಸುಮಾರು ಹತ್ತು ಲಕ್ಷ ಅಕ್ಷರಗಳಾಚೆ, ಬೇರೊಂದು ಜೀನಿನ ಒಳಗೇ ಕೂತಿದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಮಗು ಹೆಚ್ಚುವರಿ ಬೆರಳಿನೊಂದಿಗೆ ಹುಟ್ಟಬಹುದು. ನಡುವಿನ ಡಿಎನ್‌ಎ ಮಡಚಿಕೊಂಡು ಎರಡು ತುದಿಗಳೂ ಹತ್ತಿರವಾಗುತ್ತವೆ.

ಎಲ್ಲ ಜೀನ್‌ಗಳಲ್ಲೂ ಯಂತ್ರವನ್ನು ಕರೆತರುವುದೇ ಕಷ್ಟದ ಹಂತ ಎಂದೂ ಅಲ್ಲ. ಹಣ್ಣುನೊಣದ ಎಚ್‌ಎಸ್‌ಪಿ70 ಜೀನಿನಲ್ಲಿ ಪಾಲಿಮರೇಸ್ ಮೊದಲೇ ಬಂದು, ಕೆಲವು ಹತ್ತು ಅಕ್ಷರ ನಕಲಿಸಿ, ತಡೆದು ನಿಂತಿರುತ್ತದೆ. ಬಿಸಿ ತಾಗಿದಾಗ ಬರುವ ಕಾರಕ ಪಿ-ಟಿಇಎಫ್‌ಬಿ ಎಂಬ ಕಿಣ್ವವನ್ನು ಅಲ್ಲಿಗೆ ತರಿಸುತ್ತದೆ. ಅದು ತಡೆ ತೆಗೆದು ಪಾಲಿಮರೇಸನ್ನು ಮುಂದೆ ಬಿಡುತ್ತದೆ. ಇಲ್ಲೂ ನಡೆಯುವುದು ಕರೆಯೇ, ಬರುವವರು ಮಾತ್ರ ಬೇರೆ.

ಡಿಎನ್‌ಎ ಹಿಡಿಯುವುದಕ್ಕೂ ಯಂತ್ರವನ್ನು ಕರೆಯುವುದಕ್ಕೂ ಇರುವ ವ್ಯತ್ಯಾಸ ಔಷಧವಾಗಿಯೂ ಬಳಕೆಯಲ್ಲಿದೆ. ಈಸ್ಟ್ರೋಜನ್ ಗ್ರಾಹಕ ಕೂಡ ಒಂದು ಪ್ರತಿಲೇಖನ ಕಾರಕ. ಹಾರ್ಮೋನ್ ಬಂದು ಸೇರಿದಾಗ ಗ್ರಾಹಕದ ಹನ್ನೆರಡನೆಯ ಸುರುಳಿ ಒಂದು ಕಡೆಗೆ ಮಡಚಿಕೊಂಡು, ಜೀನ್ ಎಬ್ಬಿಸಲು ನೆರವಾಗುವ ಸಹಪ್ರಚೋದಕ ಪ್ರೋಟೀನ್‌ಗಳು ಬಂದು ಕೂರಲು ಒಂದು ತಗ್ಗು ಸಿದ್ಧವಾಗುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಸೇರಿದಾಗಲೂ ಗ್ರಾಹಕ ಡಿಎನ್‌ಎ ಹಿಡಿಯುತ್ತದೆ. ಆದರೆ ಔಷಧದ ಅಣುವಿನ ಒಂದು ಉದ್ದನೆಯ ತೋಳು ಆ ಸುರುಳಿಯನ್ನು ತಳ್ಳಿ, ಅದೇ ತಗ್ಗಿನೊಳಗೆ ಕೂರಿಸಿಬಿಡುತ್ತದೆ. ಸಹಪ್ರಚೋದಕಕ್ಕೆ ಜಾಗವೇ ಉಳಿಯುವುದಿಲ್ಲ. ಗ್ಯಾಲ್80 ಯೀಸ್ಟಿನಲ್ಲಿ ಹೊರಗಿನಿಂದ ಬಂದು ಮಾಡುವುದನ್ನು ಇಲ್ಲಿ ಗ್ರಾಹಕದ ಸ್ವಂತ ಸುರುಳಿಯೇ ಮಾಡುತ್ತದೆ.

ಗರ್ಭಕೋಶದ ಒಳಪೊರೆಯಲ್ಲಿ ಮಾತ್ರ ಟಮಾಕ್ಸಿಫೆನ್ ಸ್ವಲ್ಪ ಮಟ್ಟಿಗೆ ಈಸ್ಟ್ರೋಜನ್‌ನಂತೆಯೇ ವರ್ತಿಸುತ್ತದೆ. ಗ್ರಾಹಕವೂ ಔಷಧವೂ ಅವೇ. ಆದರೆ ಆ ಕೋಶಗಳಲ್ಲಿರುವ ಸಹಪ್ರಚೋದಕಗಳ ಬಗೆ, ಪ್ರಮಾಣ ಎರಡೂ ಬೇರೆ. ಈ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರು ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಕಂಡರೆ ತಡಮಾಡದೆ ತಿಳಿಸಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿ.