ಬಹಿಷ್ಕಾರದ ವಾದ-ಪ್ರತಿವಾದಕ್ಕೆ ಜರ್ನಲ್‌ನಲ್ಲಿ ಜಾಗ ಇರಬೇಕಾ?

ಓದುಗರ ಪ್ರಶ್ನೆ: ಯಾವುದೋ ಒಂದು ದೇಶದ ವಿಶ್ವವಿದ್ಯಾಲಯಗಳನ್ನು ಬಹಿಷ್ಕರಿಸಬೇಕೇ ಬೇಡವೇ ಅನ್ನುವುದು ಶುದ್ಧ ರಾಜಕೀಯ. ವೈದ್ಯಕೀಯ, ವಿಜ್ಞಾನದ ಜರ್ನಲ್‌ಗಳು ಅದನ್ನು ಯಾಕೆ ಪ್ರಕಟಿಸಬೇಕು? ಅದು ಸಂಶೋಧನೆಗೆ ಮೀಸಲಾದ ಜಾಗ ಅಲ್ವಾ?

ಉತ್ತರ: ಪ್ರಕಟಿಸಬಹುದು. ಕೆಲವು ಸಲ ಪ್ರಕಟಿಸಲೇಬೇಕು ಅಂತ ನನ್ನ ಅಭಿಪ್ರಾಯ. ಆದರೆ ಒಂದು ಷರತ್ತು ಇದೆ. ಪುಟದಲ್ಲಿ ಬಹಿಷ್ಕಾರದ ಬಗ್ಗೆ ಚರ್ಚೆ ನಡೆಯುವಾಗ, ಸಂಪಾದಕರು ತಮ್ಮ ಮೇಜಿನಲ್ಲಿ ಸದ್ದಿಲ್ಲದೆ ಬಹಿಷ್ಕಾರ ಶುರು ಮಾಡಿಕೊಂಡಿರಬಾರದು. ಈ ಎರಡನ್ನೂ ಜನ ಒಂದೇ ಅಂತ ತಿಳಿಯುತ್ತಾರೆ. ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲು ಚರ್ಚೆಯ ಮಾತು. ಒಂದು ದೇಶದ ಹಣ್ಣು, ಬಟ್ಟೆ ಕೊಳ್ಳಬೇಡಿ ಅಂತ ಯಾರಾದರೂ ಕರೆ ಕೊಟ್ಟರೆ ಅದನ್ನು ಪಾಲಿಸುವವರು ಅಂಗಡಿಗೆ ಹೋಗುವ ಜನ. ಅದಕ್ಕೆ ಹೃದ್ರೋಗದ ಜರ್ನಲ್‌ನಲ್ಲಿ ಜಾಗ ಬೇಕಿಲ್ಲ. ಅಕಾಡೆಮಿಕ್ ಬಹಿಷ್ಕಾರ ಹಾಗಲ್ಲ. ಆ ದೇಶದ ವಿಶ್ವವಿದ್ಯಾಲಯ ಕರೆದ ಸಮ್ಮೇಳನಕ್ಕೆ ಹೋಗಬೇಡಿ, ಅಲ್ಲಿನ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಳ್ಳಬೇಡಿ, ಅಲ್ಲಿನ ಪ್ರಬಂಧಗಳ ಪರಿಶೀಲನೆ ಬೇಡ ಅನ್ನಿ ಅಂತ ಅದು ಕೇಳುತ್ತದೆ. ಇದನ್ನೆಲ್ಲ ಮಾಡಬೇಕಾದವರು ಯಾರು? ಜರ್ನಲ್ ಓದುವವರೇ, ಅದಕ್ಕೆ ಬರೆಯುವವರೇ. ಅವರ ಕೆಲಸದ ಬಗ್ಗೆ ಅವರ ಜರ್ನಲ್‌ನಲ್ಲೇ ಮಾತಾಡಬಾರದು ಅಂದರೆ ಇನ್ನೆಲ್ಲಿ ಮಾತಾಡಬೇಕು?

2007ರ ಒಂದು ಪ್ರಸಂಗ ನೋಡಿ. ಆ ವರ್ಷ ಮೇ ತಿಂಗಳಲ್ಲಿ ಬ್ರಿಟನ್ನಿನ ಕಾಲೇಜು-ವಿಶ್ವವಿದ್ಯಾಲಯ ಅಧ್ಯಾಪಕರ ಸಂಘ ಯುಸಿಯು ಒಂದು ನಿರ್ಣಯ ಮಾಡಿತು. ಇಸ್ರೇಲಿನ ಶಿಕ್ಷಣ ಸಂಸ್ಥೆಗಳನ್ನು ಬಹಿಷ್ಕರಿಸಿ ಎಂಬ ಪ್ಯಾಲೆಸ್ಟೀನಿಯರ ಕರೆಯನ್ನು ತನ್ನ ಶಾಖೆಗಳಲ್ಲಿ ಚರ್ಚೆಗೆ ಇಡಬೇಕು ಅಂತ. ಜುಲೈನಲ್ಲಿ ವೈದ್ಯಕೀಯ ಜರ್ನಲ್ ಬಿಎಂಜೆ ಇದೇ ಪ್ರಶ್ನೆಗೆ ಎದುರುಬದುರು ಎರಡು ಲೇಖನ ಪ್ರಕಟಿಸಿತು. ಬೇಕು ಅಂತ ಬರೆದವರು ಅಧ್ಯಾಪಕ ಟಾಮ್ ಹಿಕಿ, ಬೇಡ ಅಂತ ಬರೆದವರು ಶಸ್ತ್ರಚಿಕಿತ್ಸಕ ಮೈಕಲ್ ಬಾಮ್. ಸೆಪ್ಟೆಂಬರ್ ಹೊತ್ತಿಗೆ ಯುಸಿಯು ಹಿಂದೆ ಸರಿಯಿತು. ಬಹಿಷ್ಕಾರಕ್ಕೆ ಕರೆ ಕೊಟ್ಟರೆ ತಾರತಮ್ಯ ತಡೆ ಕಾನೂನು ಮುರಿದಂತೆ ಆಗುತ್ತದೆ ಅಂತ ವಕೀಲರು ಎಚ್ಚರಿಸಿದ್ದರು. ಸಂಘದ ಶಾಖೆಗಳಲ್ಲಿ ಆಗಬೇಕಿದ್ದ ಆ ಸುತ್ತಿನ ಚರ್ಚೆ ಅಲ್ಲಿಗೆ ನಿಂತಿತು. ಜರ್ನಲ್‌ನ ಆ ಎರಡು ಲೇಖನಗಳನ್ನು ಮಾತ್ರ ಇವತ್ತಿಗೂ ಹುಡುಕಿ ಓದಬಹುದು, ತಪ್ಪು ಹಿಡಿಯಬಹುದು, ಉತ್ತರ ಬರೆಯಬಹುದು.

ಇನ್ನು ಮೇಜಿನ ಮಾತು. 2002ರಲ್ಲಿ ಅನುವಾದ ಅಧ್ಯಯನದ ಎರಡು ಜರ್ನಲ್‌ಗಳ ಸಂಪಾದಕಿ ಮೋನಾ ಬೇಕರ್ ಇಬ್ಬರು ಇಸ್ರೇಲಿ ವಿದ್ವಾಂಸರನ್ನು ಆ ಜರ್ನಲ್‌ಗಳ ಮಂಡಳಿಗಳಿಂದ ಕೈಬಿಟ್ಟರು: ಗಿಡಿಯನ್ ಟೂರಿ ಮತ್ತು ಮಿರಿಯಂ ಶ್ಲೆಸಿಂಗರ್. ತಮ್ಮ ವಿರೋಧ ವ್ಯಕ್ತಿಗಳ ಮೇಲಲ್ಲ, ಅವರು ಕೆಲಸ ಮಾಡುವ ಸಂಸ್ಥೆಗಳ ಮೇಲೆ ಅಂತ ಬೇಕರ್ ಹೇಳಿದರು. ಆದರೆ ಜಾಗ ಕಳೆದುಕೊಂಡವರು ವ್ಯಕ್ತಿಗಳೇ. ಶ್ಲೆಸಿಂಗರ್ ಅವರಂತೂ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನ ಇಸ್ರೇಲ್ ಶಾಖೆಯ ಅಧ್ಯಕ್ಷೆಯಾಗಿದ್ದವರು. ಅಮೆರಿಕದ ಭಾಷೆ-ಸಾಹಿತ್ಯ ವಿದ್ವಾಂಸರ ಸಂಘ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್‌ನ ಆಗಿನ ಅಧ್ಯಕ್ಷ ಸ್ಟೀಫನ್ ಗ್ರೀನ್‌ಬ್ಲಾಟ್ ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಇಲ್ಲಿ ಓದುಗರಿಗೆ ವಾದವೂ ಸಿಗಲಿಲ್ಲ, ಪ್ರತಿವಾದವೂ ಸಿಗಲಿಲ್ಲ. ಸಿಕ್ಕಿದ್ದು ತೀರ್ಮಾನ ಮಾತ್ರ.

2022ರ ಮಾರ್ಚ್‌ನಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಿತು. ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಕೆಲವೇ ವಾರಗಳಲ್ಲಿ, ರಷ್ಯಾದ ಸಂಸ್ಥೆಗಳಿಂದ ಬರುವ ಪ್ರಬಂಧಗಳನ್ನು ಪರಿಗಣಿಸುವುದಿಲ್ಲ ಅಂತ ಜರ್ನಲ್ ಆಫ್ ಮಾಲಿಕ್ಯುಲರ್ ಸ್ಟ್ರಕ್ಚರ್ ಪ್ರಕಟಿಸಿತು. ವಿಜ್ಞಾನ ಜರ್ನಲ್ ನೇಚರ್ ಬೇರೆ ದಾರಿ ಹಿಡಿಯಿತು. ಸಂಪಾದಕೀಯದಲ್ಲಿ ದಾಳಿಯನ್ನು ಕಟುವಾಗಿ ಖಂಡಿಸಿತು, ಪ್ರಬಂಧ ಎಲ್ಲಿಂದ ಬಂದರೂ ಪರಿಗಣಿಸುತ್ತೇವೆ ಅಂತಲೂ ಹೇಳಿತು. ನನ್ನ ಮಟ್ಟಿಗೆ ನೇಚರ್ ನಡೆ ಸರಿ. ಅಭಿಪ್ರಾಯ ಹೇಳುವ ಹಕ್ಕು ಸಂಪಾದಕರಿಗಿದೆ. ಅಣುಗಳ ರಚನೆಯ ಬಗ್ಗೆ ಬರೆದ ಪ್ರಬಂಧವನ್ನು ಬರೆದವರ ವಿಳಾಸ ನೋಡಿ ವಾಪಸ್ ಕಳಿಸುವ ಹಕ್ಕು ಅದರಿಂದ ಹುಟ್ಟುವುದಿಲ್ಲ. ಲೇಖಕರ ರಾಷ್ಟ್ರೀಯತೆ, ಜನಾಂಗ, ಧರ್ಮ, ರಾಜಕೀಯ ನಂಬಿಕೆ ಯಾವುದೂ ತೀರ್ಮಾನದ ಮೇಲೆ ಪ್ರಭಾವ ಬೀರಬಾರದು ಅನ್ನುವುದು ವೈದ್ಯಕೀಯ ಸಂಪಾದಕರ ಜಾಗತಿಕ ಒಕ್ಕೂಟ ಡಬ್ಲ್ಯೂಎಎಂಇ ಎತ್ತಿಹಿಡಿದಿರುವ ನಿಲುವು.

ಬಹಿಷ್ಕಾರ ಅಂದರೆ ಚಳವಳಿಗಾರರ ಕೆಲಸ ಅಂತಲೂ ತಿಳಿಯಬೇಡಿ. ಸರ್ಕಾರಗಳೂ ಮಾಡಿಸುತ್ತವೆ. 2002ರಲ್ಲಿ ಎಂಜಿನಿಯರ್‌ಗಳ ಸಂಸ್ಥೆ ಐಇಇಇ, ಅಮೆರಿಕದ ವ್ಯಾಪಾರ ನಿರ್ಬಂಧಗಳಿಗೆ ಹೆದರಿ ಇರಾನ್‌ನ ಲೇಖಕರ ಪ್ರಬಂಧಗಳನ್ನು ತಿದ್ದಿ ಕೊಡುವುದನ್ನೇ ನಿಲ್ಲಿಸಿತು. ಪ್ರಬಂಧವನ್ನು ಸಂಪಾದಿಸಿದರೆ ಆ ದೇಶಕ್ಕೆ ಸೇವೆ ರಫ್ತು ಮಾಡಿದಂತೆ ಅನ್ನುವುದು ಅಮೆರಿಕದ ಖಜಾನೆ ಇಲಾಖೆಯ ವಾದ. ವ್ಯಾಕರಣ ತಿದ್ದುವುದೂ ರಫ್ತಂತೆ! 2004ರಲ್ಲಿ ಇಲಾಖೆ ನಿಯಮ ಸಡಿಲಿಸಿತು. ಅಷ್ಟರಲ್ಲಿ ನಷ್ಟ ಅನುಭವಿಸಿದವರು ಸಾಮಾನ್ಯ ಸಂಶೋಧಕರು. ಇದು ಯಾವ ಜರ್ನಲ್‌ನ ಚರ್ಚೆಯಿಂದಲೂ ಬಂದ ನಿಯಮ ಅಲ್ಲ.

ಹಾಗಾದರೆ ಎಂಥ ಚರ್ಚೆ ಬೇಕು? ಬೇಕು-ಬೇಡ ಜೋಡಿ ಲೇಖನ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನೋಡಲು ನ್ಯಾಯವಾಗಿ ಕಾಣುತ್ತದೆ, ನಿಜ. ಆದರೆ ಬಹಿಷ್ಕಾರದಲ್ಲಿ ಹತ್ತಾರು ಬಗೆ ಇವೆ. ಸಂಸ್ಥೆಯ ಮೇಲೋ, ವ್ಯಕ್ತಿಯ ಮೇಲೋ? ಸಮ್ಮೇಳನಕ್ಕೆ ಮಾತ್ರವೋ, ಪ್ರಬಂಧಕ್ಕೂ ಸೇರಿಯೋ? ಯಾವಾಗ ಮುಗಿಯುತ್ತದೆ? ಜೋಡಿ ಲೇಖನದಲ್ಲಿ ಇವೆಲ್ಲ ಕರಗಿ ಎರಡು ಘೋಷಣೆಗಳು ಉಳಿಯುತ್ತವೆ. ಬಿಎಂಜೆ ಅದರ ಪಕ್ಕದಲ್ಲಿ ಆನ್‌ಲೈನ್ ಮತದಾನವನ್ನೂ ಇಟ್ಟಿತ್ತು. ಇಂಥ ಮತದಾನದಿಂದ ತಿಳಿಯುವುದು ಒಂದೇ: ಯಾವ ಗುಂಪಿನ ಇಮೇಲ್ ಪಟ್ಟಿ ಉದ್ದ ಇದೆ ಅಂತ. ಅದೇ ಬಿಎಂಜೆ ಇನ್ನೊಂದು ಕಡೆ ಒಳ್ಳೆಯ ಕೆಲಸವನ್ನೂ ಮಾಡಿತು. 2004ರಲ್ಲಿ ಪ್ಯಾಲೆಸ್ಟೀನ್ ಬಗ್ಗೆ ಬಂದ ಒಂದು ಲೇಖನಕ್ಕೆ ನೂರಾರು ಸಿಟ್ಟಿನ ಇಮೇಲ್‌ಗಳು ಬಂದಿದ್ದವು. 2009ರಲ್ಲಿ ಆ ಇಮೇಲ್‌ಗಳ ವಿಶ್ಲೇಷಣೆಯನ್ನೇ ಪ್ರಕಟಿಸಿತು. ಒತ್ತಡ ಬಂದಾಗ ಅದನ್ನು ಮುಚ್ಚಿಡುವ ಬದಲು ಓದುಗರ ಮುಂದೆ ಇಡುವುದು ಜರ್ನಲ್‌ಗೆ ಒಪ್ಪುವ ನಡೆ.

ಜರ್ನಲ್‌ಗಳು ನಿಜವಾಗಿ ಹೊಸದೇನಾದರೂ ಕೊಡಬಲ್ಲವು ಅಂದರೆ ಅದು ಪುರಾವೆ. ಬಹಿಷ್ಕಾರದಿಂದ ಏನಾಗುತ್ತದೆ? ಇದು ಹುಡುಕಿ ಉತ್ತರ ಕಂಡುಕೊಳ್ಳಬಹುದಾದ ಪ್ರಶ್ನೆ. ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾವನ್ನೇ ತೆಗೆದುಕೊಳ್ಳಿ. 1986ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದ ಪುರಾತತ್ವ ಸಮ್ಮೇಳನಕ್ಕೆ ಅಲ್ಲಿನ ವಿದ್ವಾಂಸರು ಬರಬಾರದು ಅಂತ ಸಂಘಟಕರು ತೀರ್ಮಾನಿಸಿದರು. ಪುರಾತತ್ವದ ಅಂತರರಾಷ್ಟ್ರೀಯ ಒಕ್ಕೂಟ ಆ ಸಮ್ಮೇಳನದಿಂದ ದೂರ ಸರಿಯಿತು. ಕೊನೆಗೆ ವರ್ಲ್ಡ್ ಆರ್ಕಿಯಲಾಜಿಕಲ್ ಕಾಂಗ್ರೆಸ್ ಎಂಬ ಬೇರೆ ಸಂಸ್ಥೆಯೇ ಹುಟ್ಟಿತು. ದಕ್ಷಿಣ ಆಫ್ರಿಕಾದ ವಿದ್ವಾಂಸರನ್ನೇ ಕೇಳಿ ಮುಂದೆ 1990ರ ದಶಕದಲ್ಲಿ ಒಂದು ಅಧ್ಯಯನ ನಡೆಯಿತು. ಅವರಲ್ಲಿ ಹೆಚ್ಚಿನವರಿಗೆ ಬಹಿಷ್ಕಾರ ದೊಡ್ಡ ತಡೆ ಅನ್ನುವುದಕ್ಕಿಂತ ಕಿರಿಕಿರಿಯಾಗಿತ್ತು ಅನ್ನುವ ಚಿತ್ರ ಅದರಲ್ಲಿ ಸಿಗುತ್ತದೆ. ಪರ ಇರುವವರು, ನೋಡಿ ಅಷ್ಟೇನೂ ಹಾನಿ ಆಗಲಿಲ್ಲ ಅನ್ನಬಹುದು. ವಿರೋಧಿಗಳು, ಹಾಗಿದ್ದರೆ ಉಪಯೋಗ ಏನು ಅಂತ ಕೇಳಬಹುದು. ಒಂದೇ ಪುರಾವೆ ಇಟ್ಟುಕೊಂಡು ಜಗಳ ಆಡಿದರೆ ಅದು ಆಗಲೇ ಒಳ್ಳೆಯ ಜಗಳ.

ಇನ್ನೂ ಹಿಂದೆ ಹೋದರೆ ಮೊದಲ ಮಹಾಯುದ್ಧದ ನಂತರದ ಕತೆ ಇದೆ. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಶೋಧನಾ ಮಂಡಳಿ ಜರ್ಮನಿ ಮತ್ತು ಅದರ ಮಿತ್ರ ದೇಶಗಳನ್ನು ಹೊರಗಿಟ್ಟಿತು. 1920ರಲ್ಲಿ ಸ್ಟ್ರಾಸ್‌ಬರ್ಗ್, 1924ರಲ್ಲಿ ಟೊರೊಂಟೊ, ಎರಡೂ ಗಣಿತ ಸಮ್ಮೇಳನಗಳಿಗೆ ಜರ್ಮನ್ನರಿಗೆ ಪ್ರವೇಶ ಇರಲಿಲ್ಲ. 1926ರಲ್ಲಿ ನಿರ್ಬಂಧ ತೆಗೆದರು. 1928ರಲ್ಲಿ ಬೊಲೋನ್ಯಾ ಸಮ್ಮೇಳನಕ್ಕೆ ಕರೆ ಬಂದಾಗ ಏನಾಯಿತು ಗೊತ್ತಾ? ಹೋಗಬೇಡಿ ಅಂತ ಜರ್ಮನ್ ಗಣಿತಜ್ಞ ಬೀಬರ್‌ಬಾಕ್ ಹಠ ಹಿಡಿದರು. ಜರ್ಮನಿಯ ಇನ್ನೊಬ್ಬ ದೊಡ್ಡ ಗಣಿತಜ್ಞ ಹಿಲ್ಬರ್ಟ್ ಅದನ್ನು ಲೆಕ್ಕಿಸದೆ ತಮ್ಮವರನ್ನು ಕರೆದುಕೊಂಡು ಹೋದರು. ಬಹಿಷ್ಕಾರ ತೆರವಾಗುವ ಹೊತ್ತಿಗೆ ಪ್ರತಿ-ಬಹಿಷ್ಕಾರ ಬೆಳೆದುನಿಂತಿತ್ತು. ಈಗಿನ ವಾದಗಳಲ್ಲಿ ಈ ಇತಿಹಾಸ ಬಹಳ ಕಡಿಮೆ ಬರುತ್ತದೆ. ಬರಬೇಕು.

ಚರ್ಚೆ ಕೆಡುವುದೂ ಉಂಟು. ಅಮೆರಿಕದ ಪ್ರಾಧ್ಯಾಪಕರ ಸಂಘ ಎಎಯುಪಿ 2006ರಲ್ಲಿ ಇಟಲಿಯ ಬೆಲ್ಲಾಜಿಯೊದಲ್ಲಿ ಇದೇ ವಿಷಯಕ್ಕೆ ಸಮ್ಮೇಳನ ಇಟ್ಟುಕೊಂಡಿತ್ತು. ಹಂಚಿದ ಕಾಗದಗಳ ಕಟ್ಟಿನಲ್ಲಿ ಹೋಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ನರಮೇಧ) ನಡೆದೇ ಇಲ್ಲ ಅನ್ನುವವನೊಬ್ಬನ ಲೇಖನ ಕಣ್ತಪ್ಪಿನಿಂದ ಸೇರಿಬಿಟ್ಟಿತ್ತು. ಗದ್ದಲ ಎದ್ದು ಸಮ್ಮೇಳನವೇ ಬಿದ್ದುಹೋಯಿತು. ಆಗ ಸಂಘ ತನ್ನ ಪತ್ರಿಕೆ ಅಕಾಡೆಮ್‌ನಲ್ಲಿ ವಾದಗಳನ್ನು ಅಚ್ಚು ಹಾಕಿತು. 2013ರಲ್ಲಿ ಅದರ ಇನ್ನೊಂದು ಜರ್ನಲ್ ಮತ್ತೆ ಬಹಿಷ್ಕಾರದ ಬಗ್ಗೆ ಲೇಖನಗಳನ್ನು ತಂದಾಗ ಏಕಪಕ್ಷೀಯ ಅನ್ನುವ ದೂರು ಬಂತು. ದೂರಿನಲ್ಲಿ ಹುರುಳಿತ್ತು, ಉತ್ತರಗಳೂ ಪ್ರಕಟವಾದವು. ಅಕಾಡೆಮಿಕ್ ಬಹಿಷ್ಕಾರ ಬೇಡ ಅಂತ 2005ರಲ್ಲಿ ಹೇಳಿದ್ದ ಸಂಘ 2024ರ ಆಗಸ್ಟ್‌ನಲ್ಲಿ ನಿಲುವು ಬದಲಿಸಿತು. ಬಹಿಷ್ಕಾರ ತನ್ನಷ್ಟಕ್ಕೆ ಶೈಕ್ಷಣಿಕ ಸ್ವಾತಂತ್ರ್ಯದ ಉಲ್ಲಂಘನೆ ಅಲ್ಲ ಅಂತು. ಹೊಸ ನಿಲುವನ್ನು ನೀವು ಒಪ್ಪಿ, ಬಿಡಿ. ಅಲ್ಲಿಗೆ ಹೇಗೆ ಬಂದರು ಅಂತ ಹುಡುಕಲು ಹಳೆಯ ಸಂಚಿಕೆಗಳಿವೆ.

ಜರ್ನಲ್‌ಗಳಿಗೆ ನನ್ನ ಬೇಡಿಕೆ ಜಾಸ್ತಿ ಏನಿಲ್ಲ. ಚರ್ಚೆ ಶುರು ಮಾಡುವ ಮೊದಲು, ಪ್ರಬಂಧ ಎಲ್ಲಿಂದ ಬಂದರೂ ಒಂದೇ ನಿಯಮ ಅಂತ ಬರೆದು ಹಾಕಲಿ. ಅಭಿಪ್ರಾಯ ಲೇಖನ ಅಂತ ಅಂಕಿಅಂಶಗಳನ್ನು ಸುಮ್ನೆ ಬಿಡದೆ ಪರಿಶೀಲಿಸಲಿ. ಔಷಧ ಕಂಪನಿಯಿಂದ ಹಣ ಪಡೆದಿದ್ದರೆ ಹೇಳಿ ಅಂತ ಕೇಳುವ ಹಾಗೆ, ಯಾವ ಚಳವಳಿಯಲ್ಲಿದ್ದೀರಿ, ಯಾವ ಸರ್ಕಾರದ ಅನುದಾನ ಇದೆ ಅಂತಲೂ ಎರಡೂ ಕಡೆಯವರನ್ನು ಕೇಳಲಿ. ಯಾವ ದೇಶದ ಬಗ್ಗೆ ಮಾತೋ ಅಲ್ಲಿನ ವಿದ್ವಾಂಸರಿಗೆ, ಯಾರ ಪರವಾಗಿ ಕರೆ ಕೊಟ್ಟಿದ್ದಾರೋ ಅವರಿಗೆ, ಇಬ್ಬರಿಗೂ ಜಾಗ ಕೊಡಲಿ. ಸಾಮಾನ್ಯವಾಗಿ ಎರಡೂ ಕಡೆಯಿಂದ ಮೂರನೆಯವರೇ ಬರೆಯುತ್ತಿರುತ್ತಾರೆ.

ಕೊನೆಗೆ, ಇದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ: ಪರಿಶೀಲಕರು ತಮ್ಮ ಮಟ್ಟಿಗೆ ಬಹಿಷ್ಕಾರ ಪಾಲಿಸಬಹುದಾ? ಪೀರ್ ರಿವ್ಯೂ, ಅಂದರೆ ಪ್ರಕಟಣೆಗೆ ಮೊದಲು ಅದೇ ಕ್ಷೇತ್ರದವರು ಪ್ರಬಂಧ ಓದಿ ವರದಿ ಕೊಡುವುದು, ಸಾಮಾನ್ಯವಾಗಿ ಸಂಬಳ ಇಲ್ಲದ ಕೆಲಸ. ಒಲ್ಲೆ ಅನ್ನುವ ಸ್ವಾತಂತ್ರ್ಯ ಅವರಿಗಿದೆ, ಕಾರಣವನ್ನೂ ಕೊಡಬೇಕಿಲ್ಲ. ಸಂಪಾದಕರು ಇನ್ನೊಬ್ಬರನ್ನು ಹುಡುಕುತ್ತಾರೆ. ಪರಿಶೀಲನೆ ಒಪ್ಪಿಕೊಂಡು, ಲೇಖಕರ ದೇಶ ನೋಡಿ ಬೇಕಂತಲೇ ಕೆಟ್ಟ ವರದಿ ಕೊಟ್ಟರೆ ಅದು ಬಹಿಷ್ಕಾರ ಅಲ್ಲ, ಮೋಸ. ಅಂಥ ವರದಿಯನ್ನು ಸಂಪಾದಕರು ಪಕ್ಕಕ್ಕಿಟ್ಟು ಆ ಪ್ರಬಂಧವನ್ನು ಬೇರೆಯವರಿಗೆ ಕಳಿಸಬೇಕು.