ಮಗ ಪರದೆ ನೋಡುತ್ತಾ ಕೂತಿರುತ್ತಾನೆ, ಕೆಲಸ ಮಾಡುವುದು ಯಾವಾಗ?

ಪ್ರಶ್ನೆ: ನನ್ನ ಮಗ ಸಾಫ್ಟ್‌ವೇರ್ ಕಂಪನಿಯೊಂದರ ಉದ್ಯೋಗಿ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತಾನೆ. ಹಗಲೆಲ್ಲ ಪರದೆಯನ್ನು ನೋಡುತ್ತಾ ಸುಮ್ಮನೆ ಕೂತಿರುತ್ತಾನೆ, ರಾತ್ರಿ ಬಾಗಿಲು ಹಾಕಿಕೊಂಡು ಮಾತನಾಡುತ್ತಾನೆ. ಕೀಲಿಮಣೆಯ ಸದ್ದೇ ಅಪರೂಪ. ಇದು ಎಂಥ ಕೆಲಸ?

ಉತ್ತರ: ಅವರು ಸುಮ್ಮನೆ ಕೂತಿದ್ದಾರೆಂದು ನಿಮಗೆ ಕಾಣುವ ಆ ಹೊತ್ತೇ ಈ ಕೆಲಸದ ಕಠಿಣ ಭಾಗ. ಬೆಳಗಿನಿಂದ ಸಂಜೆಯವರೆಗೆ ಹೊಸ ಕೋಡ್ (ಕಂಪ್ಯೂಟರಿಗೆ ಕೊಡುವ ಸೂಚನೆಗಳ ಸಾಲುಗಳು) ಬರೆಯುತ್ತಿರುವುದೇ ಸಾಫ್ಟ್‌ವೇರ್ ಉದ್ಯೋಗ ಎಂಬ ಕಲ್ಪನೆ ಕಾಲೇಜು ಮುಗಿಸಿ ಹೊರಬಂದಾಗ ನನಗೂ ಇತ್ತು. ವಾಸ್ತವದಲ್ಲಿ ಹೆಚ್ಚಿನವರ ಪಾಲಿಗೆ ಬರುವುದು ಎಷ್ಟೋ ವರ್ಷಗಳ ಹಿಂದೆ ಯಾರೋ ಬರೆದು, ಅನಂತರ ಹಲವರು ತೇಪೆ ಹಾಕಿಟ್ಟ ಹಳೆಯ ಕೋಡ್. ಬರೆದವರನ್ನು ಕೇಳೋಣವೆಂದರೆ ಅವರು ಕೆಲಸ ಬಿಟ್ಟು ಹೋಗಿರುತ್ತಾರೆ. ಅಜ್ಜನ ಕಾಲದ ಅಡಿಕೆ ತೋಟದಲ್ಲಿ ಬಸಿಗಾಲುವೆಯೊಂದು ಅಡ್ಡವಾಗಿದೆಯೆಂದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡದೆ ಮುಚ್ಚಿಬಿಟ್ಟರೆ, ಆಷಾಢದ ಮಳೆಗೆ ಯಾವ ಮೂಲೆಯ ಮರಗಳ ಬುಡದಲ್ಲಿ ನೀರು ನಿಲ್ಲುವುದೋ ಹೇಳಲಾಗದು. ಬ್ಯಾಂಕಿನ ತಂತ್ರಾಂಶದಲ್ಲಿ ಬಡ್ಡಿ ಲೆಕ್ಕದ ಒಂದೇ ಸಾಲನ್ನು ಬದಲಿಸುವುದಾದರೂ, ಆ ಸಾಲನ್ನು ನೆಚ್ಚಿಕೊಂಡ ಉಳಿದ ಭಾಗಗಳನ್ನೆಲ್ಲ ಮೊದಲು ಓದಲೇಬೇಕು. ಎರಡು ದಿನ ಓದಿ ಆರು ಸಾಲು ತಿದ್ದಿದ ಅನುಭವ ನನಗೇ ಬೇಕಾದಷ್ಟಿದೆ.

ತಿದ್ದಿದ್ದು ನೇರವಾಗಿ ಗ್ರಾಹಕರಿಗೆ ತಲುಪುವುದೂ ಇಲ್ಲ. ಯಾರು, ಯಾವಾಗ, ಯಾವ ಸಾಲನ್ನು ಬದಲಿಸಿದರೆಂಬುದು ಗಿಟ್ ಎಂಬ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ; ತಂತ್ರಾಂಶ ತಜ್ಞ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಇದನ್ನು ಇಂದು ಬಹುತೇಕ ಕಂಪನಿಗಳು ಬಳಸುತ್ತವೆ. ಸಹೋದ್ಯೋಗಿಯೊಬ್ಬರು ಓದಿ ಒಪ್ಪಬೇಕು, ಸ್ವಯಂಚಾಲಿತ ಪರೀಕ್ಷೆಗಳು ಪಾಸಾಗಬೇಕು, ಆಮೇಲಷ್ಟೇ ಅದು ಮುಖ್ಯ ಕೋಡಿಗೆ ಸೇರುತ್ತದೆ. ಹೀಗೆ ಓದಿ ತಪ್ಪು ಹೇಳುವುದಕ್ಕೆ ರಿವ್ಯೂ ಎನ್ನುತ್ತಾರೆ. ಹೊಸಬರ ಮುಖ ಸಣ್ಣದಾಗುವುದು ಇಲ್ಲಿಯೇ. ಆದರೆ ಯಾವ ತರಬೇತಿಯೂ ಕಲಿಸದಷ್ಟನ್ನು ಅವರು ಕಲಿಯುವುದೂ ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಇನ್ನು ಮಾತು. ದಿನಕ್ಕೊಂದು ಸ್ಟ್ಯಾಂಡಪ್, ಅಂದರೆ ತಂಡದವರ ಚುಟುಕು ಮೀಟಿಂಗ್, ಇರುತ್ತದೆ: ನಿನ್ನೆ ಏನಾಯಿತು, ಇಂದು ಏನು ಮಾಡುವುದು, ಎಲ್ಲಿ ಸಿಕ್ಕಿಕೊಂಡಿದೆ. ನಿಯಮದ ಪ್ರಕಾರ ಅದಕ್ಕೆ 15 ನಿಮಿಷ. ನಿಜಕ್ಕೂ ಎಷ್ಟಾಗುತ್ತದೆಂದು ಕೇಳಬೇಡಿ. ಉಳಿದ ಮೀಟಿಂಗ್‌ಗಳಲ್ಲಿ ಕೆಲವು ಅಗತ್ಯ, ಕೆಲವಕ್ಕೆ ಬರೀ ಹಾಜರಿ.

ನಿಜವಾದ ಒತ್ತಡ ಇರುವುದು ಆನ್‌ಕಾಲ್ ಸರದಿಯಲ್ಲಿ. ಆ ದಿನಗಳಲ್ಲಿ ತಂತ್ರಾಂಶ ಯಾವ ಹೊತ್ತಿನಲ್ಲಿ ಕೆಟ್ಟರೂ ಸರದಿಯವರೇ ಎದ್ದು ನೋಡಬೇಕು. ಮರ ಬಿದ್ದು ಕರೆಂಟ್ ಹೋಗಿ, ಅದರ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುವ ನಮ್ಮ ಮಳೆಗಾಲದಲ್ಲಿ ಮನೆಯಲ್ಲಿ ಯುಪಿಎಸ್ ಇದ್ದರೂ ಸಾಲದು. ಸರದಿ ಬಂದಾಗ ಕೆಲವರು ಶಿವಮೊಗ್ಗದ ನೆಂಟರ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುವುದು ಇದಕ್ಕಾಗಿಯೇ.

ರಾತ್ರಿಯ ಮಾತಿಗೆ ಗಡಿಯಾರವೇ ಕಾರಣ. ಗ್ರಾಹಕರು ಕ್ಯಾಲಿಫೋರ್ನಿಯಾದವರಾಗಿದ್ದರೆ, ಅವರು ಬೆಳಿಗ್ಗೆ 9ಕ್ಕೆ ಕಚೇರಿಗೆ ಬರುವಾಗ ನಮ್ಮಲ್ಲಿ ಚಳಿಗಾಲದ ರಾತ್ರಿ 10.30. ಮಾರ್ಚ್‌ನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಅದೇ ಮೀಟಿಂಗ್ ನಮಗೆ 9.30ಕ್ಕೆ ಬರುತ್ತದೆ, ನವೆಂಬರ್‌ನಲ್ಲಿ ಮತ್ತೆ 10.30ಕ್ಕೆ ಹೋಗುತ್ತದೆ. ವರ್ಷಕ್ಕೆರಡು ಬಾರಿ ಮಗನ ಊಟದ ಹೊತ್ತು ಹೇಳದೆ ಕೇಳದೆ ಬದಲಾಗುವುದನ್ನು ನೀವೂ ಗಮನಿಸಿರಬಹುದು.