ಫಾರಂನ ಗೆರೆ, ಪ್ರಿಂಟರಿನ ಫಾಂಟ್: ಅಕ್ಷರ ಕೆಡುವ ಹಳೆಯ ಕಥೆ

ಕೊಪ್ಪಳದ ತಹಸೀಲ್ದಾರ್ ಕಚೇರಿಯ ಆಸುಪಾಸಿನ ಝೆರಾಕ್ಸ್ ಅಂಗಡಿಯೊಂದರಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಯಾರಾದರೊಬ್ಬರು ಅರ್ಜಿ ನಮೂನೆಯನ್ನು ಪೆನ್‌ಡ್ರೈವ್‌ನಲ್ಲಿ ತಂದು ಪೇಚಿಗೆ ಸಿಲುಕುವುದು ಕಾಣುತ್ತದೆ. ಬೇರೆಡೆ ಸರಿಯಾಗಿಯೇ ಇದ್ದ ಕಡತವನ್ನು ಇಲ್ಲಿ ತೆರೆದಾಗ ‘ಅರ್ಜಿದಾರರ ಹೆಸರು’ ಇರಬೇಕಾದ ಜಾಗದಲ್ಲಿ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ರೋಮನ್ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಅಂಗಡಿಯವರು ‘ಫಾಂಟ್ ಇಲ್ರೀ’ ಎಂದು ಕಡತವನ್ನು ಮುಚ್ಚುತ್ತಾರೆ. ಈ ತೊಡಕು ಕನ್ನಡದಿಂದ ಆರಂಭವಾದುದಲ್ಲ; ಲೇಸರ್ ಪ್ರಿಂಟರ್ ಮೇಜಿನ ಮೇಲೆ ಬಂದ ದಿನಗಳಿಂದಲೂ ಇದೆ, ಮತ್ತು ಅದರ ಮೊದಲ ಪೆಟ್ಟು ಬಿದ್ದದ್ದು ಫಾರಂಗಳ ಗೆರೆಗಳಿಗೆ.

ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಮೊದಲ ಲೇಸರ್‌ಜೆಟ್ 1984ರಲ್ಲಿ ಬಂತು. ಇಂಚಿಗೆ 300 ಚುಕ್ಕಿಗಳಂತೆ ಮುದ್ರಿಸುವ ಆ ಯಂತ್ರದಲ್ಲಿ ಅಕ್ಷರಗಳು ಕಂಪ್ಯೂಟರಿನಲ್ಲಿರಲಿಲ್ಲ, ಪ್ರಿಂಟರಿನ ಒಳಗೇ ಇದ್ದವು. ಕಂಪ್ಯೂಟರ್ ಒಂದು ಸಂಖ್ಯೆಯನ್ನು ಕಳುಹಿಸುತ್ತಿತ್ತು, ಆ ಸಂಖ್ಯೆಗೆ ಯಾವ ಆಕಾರವೆಂಬುದನ್ನು ಪ್ರಿಂಟರ್ ತೀರ್ಮಾನಿಸುತ್ತಿತ್ತು. ವಿಂಡೋಸಿಗೆ ಮುಂಚಿನ ಡಾಸ್ ಕಾಲದ ಫಾರಂ ತಂತ್ರಾಂಶಗಳು ಪರದೆಯ ಮೇಲೆ ಚೌಕ ಎಳೆಯಲು 196, 179 ಮುಂತಾದ ಸಂಖ್ಯೆಗಳನ್ನು ಬಳಸುತ್ತಿದ್ದವು. ಐಬಿಎಂ ಪಿಸಿಯ ಅಕ್ಷರಗಣದಲ್ಲಿ, ಅಂದರೆ ಯಾವ ಸಂಖ್ಯೆಗೆ ಯಾವ ಆಕಾರ ಎಂಬ ಪಟ್ಟಿಯಲ್ಲಿ, ಅವು ಅಡ್ಡಗೆರೆ ಮತ್ತು ಉದ್ದಗೆರೆ. ಆದರೆ ಲೇಸರ್‌ಜೆಟ್ ತಾನಾಗಿ ಬಳಸುತ್ತಿದ್ದ ‘ರೋಮನ್-8’ ಗಣದಲ್ಲಿ ಅದೇ ಸಂಖ್ಯೆಗಳಲ್ಲಿ ಯುರೋಪಿನ ಭಾಷೆಗಳ ಅಕ್ಷರಗಳು, ಚಿಹ್ನೆಗಳು ಕುಳಿತಿದ್ದವು. ಪರದೆಯಲ್ಲಿ ಚೊಕ್ಕ ಚೌಕ, ಕಾಗದದ ಮೇಲೆ ಗೆರೆಯ ಬದಲು ಅರ್ಥವಿಲ್ಲದ ಅಕ್ಷರಮಾಲೆ. ಪ್ರಿಂಟರಿನಲ್ಲಿ ಐಬಿಎಂ ಗಣವೂ ಇದ್ದು, ಅಕ್ಷರಗಣವನ್ನು ಬದಲಿಸುವ ಆಜ್ಞೆಯನ್ನು ಮೊದಲು ಕಳುಹಿಸಿದರೆ ಇದು ಸರಿಹೋಗುತ್ತಿತ್ತು, ಅಂಥ ಆಜ್ಞೆಯೊಂದಿದೆ ಎಂದು ತಿಳಿದವರಿಗೆ.

ಮರುವರ್ಷ ಬಂದ ಲೇಸರ್‌ಜೆಟ್ ಪ್ಲಸ್, ಫಾಂಟನ್ನು ಕಂಪ್ಯೂಟರಿನಿಂದ ಪ್ರಿಂಟರಿಗೆ ಇಳಿಸಿಕೊಳ್ಳುವ ದಾರಿಯನ್ನು ತೆರೆಯಿತು. ಹೀಗೆ ಇಳಿಸುವ ‘ಸಾಫ್ಟ್ ಫಾಂಟ್’ ಚುಕ್ಕಿಗಳ ಚಿತ್ರವಾಗಿದ್ದರಿಂದ ಪ್ರತಿ ಅಳತೆಗೂ ಪ್ರತ್ಯೇಕ ಕಡತ ಬೇಕಾಗಿತ್ತು. ಉದ್ದ ಹಾಳೆಗೆ ಒಂದು, ಅಡ್ಡ ಹಾಳೆಗೆ ಇನ್ನೊಂದು. ಅಕ್ಷರದ ಅಳತೆ ಮೂರು ಪಟ್ಟಾದರೆ ಅದು ತಿನ್ನುವ ಜಾಗ ಒಂಬತ್ತು ಪಟ್ಟಾಗುತ್ತದೆ. 1987ರ ಲೇಸರ್‌ಜೆಟ್ 2ರಲ್ಲಿ ಇದ್ದದ್ದು 512 ಕಿಲೋಬೈಟ್ ಸ್ಮರಣೆ. ಇಡೀ ಎ4 ಹಾಳೆಯನ್ನು 300 ಚುಕ್ಕಿಯ ಚಿತ್ರವಾಗಿ ಇಡಲು ಒಂದು ಮೆಗಾಬೈಟಿಗಿಂತ ಹೆಚ್ಚು ಬೇಕು. ಹಾಗಾಗಿ ತುಂಬಿದ ಫಾರಂ ಅರ್ಧಕ್ಕೆ ನಿಂತು, ಪ್ರಿಂಟರಿನ ಮುಖದ ಮೇಲೆ ‘20 ಎರರ್’ ಎಂದು ಬರುತ್ತಿತ್ತು. ಫಾಂಟ್ ಹೊಂದಿಸುವುದೆಂದರೆ ಆಗ ಯಾವುದನ್ನು ಇಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕಾಚಾರವೇ ಆಗಿತ್ತು. ಅದರ ಜೊತೆಗೆ ಅಗಲದ ಲೆಕ್ಕವೂ ಇತ್ತು: ತಂತ್ರಾಂಶ ನಂಬಿದ ಅಕ್ಷರದ ಅಗಲ ಪ್ರಿಂಟರಿನ ಅಕ್ಷರದ ಅಗಲಕ್ಕೆ ಹೊಂದದಿದ್ದರೆ ಪತ್ರದಲ್ಲಿ ಅಷ್ಟೇನೂ ಕಾಣುವುದಿಲ್ಲ, ಫಾರಂನಲ್ಲಿ ಮಾತ್ರ ಹೆಸರು ಪಕ್ಕದ ಕಾಲಂಗೆ ನುಗ್ಗುತ್ತದೆ.

1990ರ ಲೇಸರ್‌ಜೆಟ್ 3 ಹಿಗ್ಗಿಸಿ ಕುಗ್ಗಿಸಬಲ್ಲ ಫಾಂಟುಗಳನ್ನು ತಂದಿತು; 1992ರಲ್ಲಿ ವಿಂಡೋಸ್ 3.1 ಜೊತೆ, ಪರದೆಗೂ ಕಾಗದಕ್ಕೂ ಒಂದೇ ಫಾಂಟ್ ಬಳಸುವ ಟ್ರೂಟೈಪ್ ಬಂತು. ಇಂಗ್ಲಿಷಿನ ಮಟ್ಟಿಗೆ ತಲೆನೋವು ಅಲ್ಲಿಗೆ ಬಹುಪಾಲು ಮುಗಿಯಿತು.

ಕನ್ನಡದ ಮಟ್ಟಿಗೆ ಆಗಷ್ಟೇ ಶುರುವಾಯಿತು. ಎಂಟು ಬಿಟ್ಟಿನ ಫಾಂಟಿನಲ್ಲಿ ಸಂಖ್ಯೆಗೊಂದರಂತೆ ಹೆಚ್ಚೆಂದರೆ 256 ಮನೆಗಳು; ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕನ್ನಡಕ್ಕೆ ಬೇಕಾಗುವ ಆಕಾರಗಳು ಸಾವಿರಾರು. ಮೊಳೆ ಜೋಡಿಸುವ ಕಾಲದ ಅಚ್ಚುಕೂಟದವರಂತೆ ಫಾಂಟ್ ರೂಪಿಸುವವರೂ ಅಕ್ಷರವನ್ನು ಒಡೆದರು. ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳು ಒಂದೊಂದು ಮನೆಯಲ್ಲಿ ಕುಳಿತವು. ಆದರೆ ಯಾವುದು ಯಾವ ಮನೆಯಲ್ಲಿ ಎಂಬುದು ಕನ್ನಡ ತಂತ್ರಾಂಶಗಳಾದ ಶ್ರೀಲಿಪಿಗೊಂದು, ಬರಹಕ್ಕೊಂದು ಎಂಬಂತಾಯಿತು. 2000ರ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿದ ಮೇಲೆ ಗೊಂದಲ ಕಡಿಮೆಯಾಯಿತು, ಹೋಗಲಿಲ್ಲ. ಕಡತದಲ್ಲಿ ಉಳಿದದ್ದು ಸಂಖ್ಯೆಯೇ, ಆಕಾರವಲ್ಲ. ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಸಂಖ್ಯೆ ರೋಮನ್ ಅಕ್ಷರವಾಗಿ ಕಾಣುತ್ತದೆ. 1980ರ ದಶಕದಲ್ಲಿ ಗೆರೆಗಳಿಗೆ ಆದದ್ದು ಈಗ ಅಕ್ಷರಗಳಿಗೆ ಆಯಿತು.

ಪ್ರಿಂಟರಿನಲ್ಲಂತೂ ಕನ್ನಡ ಅಕ್ಷರ ಇರಲೇ ಇಲ್ಲವಾದ್ದರಿಂದ ಡಿಟಿಪಿಯವರು, ಅಂದರೆ ಕಂಪ್ಯೂಟರಿನಲ್ಲಿ ಪುಟ ಕೂಡಿಸುವವರು, ಪ್ರಿಂಟರನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ಆಯ್ಕೆಗಳಲ್ಲಿ ‘ಟ್ರೂಟೈಪನ್ನು ಗ್ರಾಫಿಕ್ಸ್ ಆಗಿ ಮುದ್ರಿಸು’ ಎಂಬುದನ್ನು ಒತ್ತಿ ಮುಂದುವರಿಯುತ್ತಿದ್ದರು. ನಿಧಾನವಾದರೂ ಒತ್ತು ಜಾರುತ್ತಿರಲಿಲ್ಲ. 2005ರ ಲೇಸರ್‌ಜೆಟ್ 1020ರಂಥ ಅಗ್ಗದ ಯಂತ್ರಗಳು ಬಂದಾಗ ಈ ಆಯ್ಕೆಯೇ ಅನಗತ್ಯವಾಯಿತು, ಏಕೆಂದರೆ ಅವುಗಳಿಗೆ ಕಂಪ್ಯೂಟರೇ ಪುಟವನ್ನು ಚಿತ್ರವಾಗಿಸಿ ಕಳುಹಿಸುತ್ತದೆ. ಕನ್ನಡಕ್ಕೆ ಇದರಿಂದ ಅನುಕೂಲವಾಯಿತು, ಆದರೆ ಡಾಸ್ ತಂತ್ರಾಂಶಕ್ಕೆ ಇಂಥ ಪ್ರಿಂಟರ್ ಓಗೊಡುವುದಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯಂಥ ಕಡೆ ಹಳೆಯ ಬಿಲ್ ತಂತ್ರಾಂಶ ಬಳಸುವವರಿಗೆ ಡಾಟ್ ಮ್ಯಾಟ್ರಿಕ್ಸ್ ಬಿಡಲಾಗದ ಕಾರಣಗಳಲ್ಲಿ ಇದೂ ಒಂದು. ಕಾರ್ಬನ್ ಇಟ್ಟು ಒಂದೇ ಹೊಡೆತಕ್ಕೆ ಮೂರು ಪ್ರತಿ ತೆಗೆಯುವುದು ಲೇಸರಿನಿಂದ ಆಗುವ ಕೆಲಸವೂ ಅಲ್ಲ.

ಎಲ್ಲ ಯಂತ್ರಗಳಲ್ಲೂ ಒಂದು ಅಕ್ಷರಕ್ಕೆ ಒಂದೇ ಸಂಖ್ಯೆ ಎಂದು ನಿಗದಿ ಮಾಡುವ ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಮನೆ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಯೂನಿಕೋಡಿನ ಕನ್ನಡ ಫಾಂಟ್ ತುಂಗಾವನ್ನೂ ತಂದಿತು. ಆದರೆ ಡಿಟಿಪಿ ಅಂಗಡಿಗಳು ಪುಟ ಕೂಡಿಸಲು ನೆಚ್ಚಿಕೊಂಡಿದ್ದ ಪೇಜ್‌ಮೇಕರ್ ಯೂನಿಕೋಡನ್ನು ಅರಿಯದ ತಂತ್ರಾಂಶ. ಅದರಲ್ಲಿ ಕೂಡಿಸಿದ ನಮೂನೆಗಳು ಹಳೆಯ ಫಾಂಟಿಗೇ ಅಂಟಿಕೊಂಡವು, ಮತ್ತು ಹಳೆಯದನ್ನು ತಿದ್ದಿ ಹೊಸದು ಮಾಡುವ ನಮ್ಮ ರೂಢಿಯಿಂದಾಗಿ ಇಂದಿಗೂ ಕೈಯಿಂದ ಕೈಗೆ ಓಡಾಡುತ್ತಿವೆ. 1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ತಲೆಬರಹದಲ್ಲಿ ರಾಯಚೂರನ್ನು ಅಳಿಸಿದರೆ ಸಾಕಾಗುತ್ತಿತ್ತು; ಉಳಿದ ಫಾರಂ ಹಾಗೆಯೇ ಮುಂದುವರಿಯಬಹುದಿತ್ತು.

ಪಿಡಿಎಫ್ ಮಾಡಿ ಫಾಂಟನ್ನು ಅದರೊಳಗೇ ಅಡಕಗೊಳಿಸಿದರೆ ಖಾಲಿ ನಮೂನೆ ಎಲ್ಲಿಯಾದರೂ ಸರಿಯಾಗಿ ಮುದ್ರಣವಾಗುತ್ತದೆ. ಇಲ್ಲಿಯೂ ಒಂದು ಸೂಕ್ಷ್ಮವಿದೆ: ಗಾತ್ರ ಉಳಿಸಲು ತಂತ್ರಾಂಶ ಸಾಮಾನ್ಯವಾಗಿ ಆ ಪುಟದಲ್ಲಿ ಬಳಕೆಯಾದ ಆಕಾರಗಳನ್ನಷ್ಟೇ ಒಳಗಿಡುತ್ತದೆ. ನಮೂನೆಯಲ್ಲಿ ‘ಘ’ ಎಲ್ಲಿಯೂ ಬಂದಿರದಿದ್ದರೆ, ಅದೇ ಫಾಂಟಿನಲ್ಲಿ ಅರ್ಜಿದಾರರು ರಾಘವೇಂದ್ರ ಎಂದು ತುಂಬಹೊರಟಾಗ ಆ ಅಕ್ಷರ ಕಡತದಲ್ಲಿ ಇರುವುದಿಲ್ಲ. ಅಂಗಡಿಯವರು ಖಾಲಿ ಹಾಳೆಯನ್ನೇ ಮುದ್ರಿಸಿ, ಗಲ್ಲೆಯ ಪಕ್ಕ ದಾರಕ್ಕೆ ಕಟ್ಟಿದ ಪೆನ್ನನ್ನು ಮುಂದೆ ಸರಿಸುತ್ತಾರೆ.